ಡೈಪರ್ ಪುಡಿ ಮಗುವಿನ ಮೈಯ ನೀರನ್ನು ಎಳೆಯುತ್ತದೆಯೇ? ಉತ್ತರ ಇರುವುದು ಫ್ರೆಡರಿಕ್ ಡೊನನ್ ಕತೆಯಲ್ಲಿ

ಡೈಪರ್ ಹರಿದು, ಒಳಗಿನ ಬಿಳಿ ಪುಡಿಯನ್ನು ಲೋಟಕ್ಕೆ ಹಾಕಿ, ಮೇಲೆ ನೀರು ಸುರಿಯುವ ವಿಡಿಯೊ ನಿಮಗೂ ಬಂದಿರಬಹುದು. ಕ್ಷಣದಲ್ಲಿ ನೀರು ಗಟ್ಟಿಯಾಗುತ್ತದೆ, ಲೋಟ ಬೋರಲು ಹಾಕಿದರೂ ಬೀಳುವುದಿಲ್ಲ. ಅಷ್ಟು ನಿಜ. ಅದರ ಜತೆಗೆ ಬರುವ ಮಾತು, ಅಂದರೆ ಈ ಪುಡಿ ಮಗುವಿನ ಮೈಯೊಳಗಿನ ನೀರನ್ನೂ ಹೀಗೇ ಎಳೆದುಕೊಳ್ಳುತ್ತದೆ ಎನ್ನುವುದು ಸುಳ್ಳು. ಚರ್ಮದ ಹೊರಪದರ ಮೈಯ ನೀರನ್ನು ತಡೆದು ಹಿಡಿದಿರುತ್ತದೆ. ಪುಡಿಗೆ ಸಿಗುವುದು ಹೊರಗೆ ಬಂದ ಮೂತ್ರ ಮಾತ್ರ. ಒದ್ದೆ ಡೈಪರನ್ನು ಗಂಟೆಗಟ್ಟಲೆ ಬಿಟ್ಟರೆ ಚರ್ಮ ಕೆಂಪಾಗಿ ಗುಳ್ಳೆ ಏಳುವುದು ಬೇರೆ ವಿಷಯ, ಅದು ನಿಜವಾದ ತೊಂದರೆ.

ವಿಡಿಯೊದಲ್ಲಿ ತೋರಿಸದ ಇನ್ನೊಂದು ಸಂಗತಿ ಇದೆ. ಆ ಗಟ್ಟಿ ಜೆಲ್ ಮೇಲೆ ಒಂದು ಚಮಚ ಅಡುಗೆ ಉಪ್ಪು ಹಾಕಿ ಕಲಕಿದರೆ, ಹೀರಿದ ನೀರನ್ನು ಅದು ಹೊರಗೆ ಬಿಡತೊಡಗುತ್ತದೆ. ಯಾಕೆ? ಡೈಪರ್ ಹುಟ್ಟುವುದಕ್ಕೆ ಎಷ್ಟೋ ಮುಂಚೆ, 1911ರಲ್ಲೇ ಇದರ ಲೆಕ್ಕ ಬರೆದಿಟ್ಟವರು ಡೊನನ್.

ಫ್ರೆಡರಿಕ್ ಜಾರ್ಜ್ ಡೊನನ್ ಹುಟ್ಟಿದ್ದು 1870ರ ಸೆಪ್ಟೆಂಬರ್ 6ರಂದು, ಕೊಲಂಬೊದಲ್ಲಿ. ತಂದೆ ಬೆಲ್‌ಫಾಸ್ಟ್‌ನ ವ್ಯಾಪಾರಿ. ಫ್ರೆಡರಿಕ್ ಇನ್ನೂ ಚಿಕ್ಕವನಿದ್ದಾಗಲೇ ಕುಟುಂಬ ಐರ್ಲೆಂಡಿಗೆ ಮರಳಿತು. ಬಾಲ್ಯದ ಒಂದು ಅಪಘಾತದಲ್ಲಿ ಒಂದು ಕಣ್ಣು ಹೋಯಿತು. ಅವರ ಫೋಟೊ ಹುಡುಕಿದರೆ ಹೆಚ್ಚಿನವು ಒಂದು ಪಕ್ಕದಿಂದ ತೆಗೆದವೇ ಸಿಗುತ್ತವೆ, ಕಾರಣ ಇದು. ಬೆಲ್‌ಫಾಸ್ಟ್‌ನಲ್ಲಿ ಓದು ಮುಗಿಸಿ ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ 1896ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿಂದ ಬರ್ಲಿನ್‌ಗೆ, ವ್ಯಾಂಟ್ ಹಾಫ್ ಅವರ ಬಳಿಗೆ. ಪೊರೆಯ ಮೂಲಕ ನೀರು ದಾಟುವ ಆಸ್ಮೋಸಿಸ್‌ಗೆ ಗಣಿತ ಕೊಟ್ಟವರು ಈ ವ್ಯಾಂಟ್ ಹಾಫ್. ರಸಾಯನ ವಿಜ್ಞಾನದ ಮೊದಲ ನೊಬೆಲ್ ಬಂದದ್ದೂ ಅವರಿಗೇ. 1904ರಲ್ಲಿ ಡೊನನ್ ಲಿವರ್‌ಪೂಲ್‌ನಲ್ಲಿ ಪ್ರೊಫೆಸರ್ ಆದರು.

ಅಲ್ಲಿ ಅವರು ಕೈಗೆತ್ತಿಕೊಂಡ ವಸ್ತುಗಳಲ್ಲೊಂದು ಕಾಂಗೊ ರೆಡ್, ಬಟ್ಟೆಗೆ ಹಾಕುವ ಕೆಂಪು ಬಣ್ಣ. ನೀರಿನಲ್ಲಿ ಕರಗಿದಾಗ ಅದು ಎರಡಾಗಿ ಒಡೆಯುತ್ತದೆ: ನೆಗೆಟಿವ್ ಚಾರ್ಜ್ ಇರುವ ದೊಡ್ಡ ಬಣ್ಣದ ಅಯಾನು, ಪಾಸಿಟಿವ್ ಚಾರ್ಜ್ ಇರುವ ಪುಟ್ಟ ಸೋಡಿಯಂ ಅಯಾನುಗಳು. ಪೊರೆಯ ಒಂದು ಕಡೆ ಈ ಬಣ್ಣದ ನೀರು, ಇನ್ನೊಂದು ಕಡೆ ಬರೀ ನೀರು ಅಥವಾ ಉಪ್ಪುನೀರು. ಬಣ್ಣದ ಅಯಾನು ದಪ್ಪ, ಪೊರೆ ದಾಟಲಾರದು. ಸೋಡಿಯಂ ದಾಟಬಲ್ಲದು, ಆದರೂ ಬಹುಪಾಲು ದಾಟುವುದಿಲ್ಲ!

ಗೂಟಕ್ಕೆ ಕಟ್ಟಿದ ಹಸು, ಬಿಟ್ಟ ಕರು ನೆನೆಸಿಕೊಳ್ಳಿ. ಕರುವಿಗೆ ಹಗ್ಗವಿಲ್ಲ, ಬೇಲಿಯ ಸಂದಿಯಲ್ಲಿ ಅದು ನುಸುಳಬಲ್ಲದು. ಆದರೂ ತಾಯಿಯನ್ನು ಬಿಟ್ಟು ದೂರ ಹೋಗುವುದಿಲ್ಲ. ನೆಗೆಟಿವ್ ಚಾರ್ಜ್ ಒಳಗೇ ಸಿಕ್ಕಿಕೊಂಡಿರುವಾಗ ಪಾಸಿಟಿವ್ ಸೋಡಿಯಂ ಕೂಡ ಒಳಗೇ ಉಳಿಯುತ್ತದೆ, ಯಾಕೆಂದರೆ ಎರಡೂ ಕಡೆ ಚಾರ್ಜ್ ಲೆಕ್ಕ ಸರಿದೂಗಬೇಕು. ಹೀಗೆ ಒಳಗೆ ಅಯಾನುಗಳ ಗುಂಪು ಹೆಚ್ಚುತ್ತದೆ, ಅದನ್ನು ತೆಳುವಾಗಿಸಲು ಹೊರಗಿನ ನೀರು ಒಳಗೆ ನುಗ್ಗುತ್ತದೆ. ಹೊರಗೂ ಉಪ್ಪು ತುಂಬಿದರೆ? ಅಲ್ಲೂ ಗುಂಪು, ಇಲ್ಲೂ ಗುಂಪು. ನೀರಿಗೆ ಒಳಗೆ ಬರುವ ಒತ್ತಡ ಕಡಿಮೆಯಾಗುತ್ತದೆ. ಡೊನನ್ ಈ ಸಮತೋಲನಕ್ಕೆ ಸಮೀಕರಣ ಬರೆದರು. ಅಮೆರಿಕದ ಗಿಬ್ಸ್ ಇದೇ ಸೂತ್ರದ ಬುಡವನ್ನು 1870ರ ದಶಕದಲ್ಲೇ ಹಾಕಿದ್ದರಿಂದ ಇಬ್ಬರ ಹೆಸರೂ ಸೇರಿಸಿ ಹೇಳುವ ರೂಢಿಯಿದೆ.

ಕಾಂಗೊ ರೆಡ್‌ನಿಂದ ಜೆಲ್‌ಗೆ ಬರಲು ಇನ್ನೊಂದು ಹೆಜ್ಜೆ ಬೇಕಿತ್ತು. ಅದನ್ನು ಇಟ್ಟವರು ಚರ್ಮ ಹದ ಮಾಡುವ ವಿದ್ಯೆಯ ಪ್ರೊಫೆಸರ್, ಲೀಡ್ಸ್‌ನ ಹೆನ್ರಿ ಪ್ರಾಕ್ಟರ್. ಹಸಿ ಚರ್ಮ ಆಮ್ಲದಲ್ಲಿ ಉಬ್ಬುತ್ತದೆ, ಉಪ್ಪು ಬೆರೆಸಿದರೆ ಇಳಿಯುತ್ತದೆ ಎಂದು ಹದ ಮಾಡುವವರಿಗೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. 1916ರಲ್ಲಿ ಪ್ರಾಕ್ಟರ್ ಮತ್ತು ವಿಲ್ಸನ್ ಜೆಲಾಟಿನ್‌ಗೆ ಡೊನನ್ ಸೂತ್ರ ಹಚ್ಚಿ ತೋರಿಸಿದರು. ಇಲ್ಲಿ ಬೇರೆ ಪೊರೆಯೇ ಬೇಡ. ಚಾರ್ಜ್ ಅಂಟಿಕೊಂಡಿರುವುದು ಉದ್ದನೆಯ ಪಾಲಿಮರ್ ಎಳೆಗಳಿಗೇ, ಎಳೆಗಳ ಬಲೆಯೇ ಅವನ್ನು ಹಿಡಿದಿಡುತ್ತದೆ.

1913ರಲ್ಲಿ ಡೊನನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದರು, 1937ರವರೆಗೆ ಅಲ್ಲೇ ಇದ್ದರು. ಇಲ್ಲಿಂದ ಕತೆ ನಮ್ಮ ಕಡೆಗೂ ಬರುತ್ತದೆ. ಅವರ ಬಳಿ ಸಂಶೋಧನೆ ಮಾಡಿ 1921ರಲ್ಲಿ ಡಿಎಸ್‌ಸಿ ಪಡೆದ ಶಾಂತಿ ಸ್ವರೂಪ್ ಭಟ್ನಾಗರ್ ಮುಂದೆ ಸಿಎಸ್‌ಐಆರ್ ಕಟ್ಟಿದರು. ಅದೇ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಜ್ಞಾನಚಂದ್ರ ಘೋಷ್ 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಹಿಟ್ಲರ್ ಕಾಲದಲ್ಲಿ ಜರ್ಮನಿ ಬಿಡಬೇಕಾಗಿ ಬಂದ ವಿಜ್ಞಾನಿಗಳಿಗೂ ಡೊನನ್ ನೆರವಾದರು, ಎಡ್ವರ್ಡ್ ಟೆಲ್ಲರ್ ಅವರಲ್ಲೊಬ್ಬರು. ಡೊನನ್ ಮದುವೆಯಾಗಲಿಲ್ಲ. ಯುದ್ಧದಲ್ಲಿ ಲಂಡನ್ ಮನೆ ಬಾಂಬಿಗೆ ಸಿಕ್ಕ ಮೇಲೆ ಕೆಂಟ್ ಪ್ರಾಂತ್ಯಕ್ಕೆ ಹೋದರು. 1956ರ ಡಿಸೆಂಬರ್‌ನಲ್ಲಿ ಕ್ಯಾಂಟರ್‌ಬರಿಯಲ್ಲಿ ತೀರಿಕೊಂಡರು.

ಅವರ ಸೂತ್ರದ ದೊಡ್ಡ ಬಳಕೆಗಳು ಬಂದದ್ದು ಆಮೇಲೆ. 1965ರ ಜೆಮಿನಿ 5 ಗಗನನೌಕೆಗೆ ಕರೆಂಟ್ ಕೊಟ್ಟ ಫ್ಯುಯೆಲ್ ಸೆಲ್‌ನಲ್ಲಿ ಇದ್ದದ್ದು ಚಾರ್ಜ್ ಅಂಟಿಸಿದ ಪಾಲಿಮರ್ ಪೊರೆ. ನಂತರ ಡುಪಾಂಟ್ ಕಂಪನಿಯ ನಾಫಿಯಾನ್ ಪೊರೆ ಬಂತು. ಚೆನ್ನಾಗಿ ಕುದಿಸಿದ ನಾಫಿಯಾನ್‌ನಲ್ಲಿ ಒಂದೊಂದು ಆಮ್ಲ ಗುಂಪಿನ ಸುತ್ತ ಸುಮಾರು 22 ನೀರಿನ ಅಣುಗಳು ಸೇರುತ್ತವೆ. ಒಣಗಿದರೆ ಪ್ರೋಟಾನ್ ಹರಿಯುವುದಿಲ್ಲ, ಅತಿಯಾಗಿ ಉಬ್ಬಿದರೆ ಪೊರೆ ಸಡಿಲವಾಗುತ್ತದೆ. ಇದನ್ನು ಹದದಲ್ಲಿಡುವುದೇ ಎಂಜಿನಿಯರುಗಳ ತಲೆನೋವು.

ಡೈಪರ್ ಪುಡಿ ಸೋಡಿಯಂ ಪಾಲಿಅಕ್ರಿಲೇಟ್, ಇದೇ ಕುಟುಂಬದ್ದು. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ. ಮೂತ್ರದಷ್ಟು ಉಪ್ಪಿರುವ ನೀರಾದರೆ 30ರಿಂದ 50 ಪಟ್ಟು ಅಷ್ಟೇ. ಹಾಗಾಗಿ ವಿಡಿಯೊದಲ್ಲಿ ನಲ್ಲಿ ನೀರು ಸುರಿದು ತೋರಿಸುವ ಚಮತ್ಕಾರ ಡೈಪರ್ ಒಳಗೆ ಅಷ್ಟು ಜೋರಾಗಿ ನಡೆಯುವುದೇ ಇಲ್ಲ.

ಹೆದರಬೇಕಾದ ಒಂದು ವಸ್ತು ಇದೆ, ಅದರ ಬಗ್ಗೆ ಫಾರ್ವರ್ಡ್ ಬರುವುದು ಕಡಿಮೆ. ಆಟಕ್ಕೆ, ಹೂದಾನಿಗೆ ಎಂದು ಮಾರುವ ಬಣ್ಣಬಣ್ಣದ ವಾಟರ್ ಬೀಡ್ಸ್. ಒಣಗಿದ್ದಾಗ ಸಾಸಿವೆಯಷ್ಟು, ನೆನೆದಾಗ ಗೋಲಿಯಷ್ಟು. ಮಗು ನುಂಗಿದರೆ ಹೊಟ್ಟೆಯೊಳಗೆ ಉಬ್ಬಿ ಕರುಳನ್ನು ಕಟ್ಟಿಬಿಡಬಹುದು, ಆಪರೇಷನ್ ಬೇಕಾದ ಪ್ರಕರಣಗಳಿವೆ, ಸಾವೂ ಆಗಿದೆ. ಕರುಳಿನ ದ್ರವದಲ್ಲಿ ಉಪ್ಪಿನಂಶ ಇರುವುದರಿಂದ ಉಬ್ಬುವುದು ಕಡಿಮೆಯಾದೀತು, ನಿಲ್ಲುವುದಿಲ್ಲ. ಮೇಲಿನ ಉಪ್ಪಿನ ಪ್ರಯೋಗ ಓದಿ ಮಗುವಿಗೆ ಉಪ್ಪುನೀರು ಕುಡಿಸಲು ಹೋಗಬೇಡಿ, ರಕ್ತದಲ್ಲಿ ಸೋಡಿಯಂ ಏರಿ ಜೀವಕ್ಕೇ ಅಪಾಯವಾಗಬಹುದು. ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಹೋಗಿ. ಈ ಮಣಿಗಳು ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅದಕ್ಕೇ ನುಂಗಿದ್ದು ವಾಟರ್ ಬೀಡ್ಸ್ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಉಳಿದ ಮಣಿಗಳ ಪ್ಯಾಕೆಟ್ ಜತೆಗೇ ಒಯ್ಯಿರಿ.