ವಿಷ್ಣುವರ್ಧನನ ಎರಡು ಸೈನ್ಯಗಳು
ಅಣ್ಣ ಒಂದನೇ ಬಲ್ಲಾಳನ ನಂತರ ಪಟ್ಟಕ್ಕೆ ಬಂದ ಬಿಟ್ಟಿದೇವ, ಅಂದರೆ ಹೊಯ್ಸಳ ವಿಷ್ಣುವರ್ಧನ, 1116ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದು, ಮರುವರ್ಷ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದನು. ಕಲ್ಯಾಣದ ಚಾಲುಕ್ಯರ ಅಧೀನತೆಯಿಂದ ಬಿಡುಗಡೆ ಬಯಸಿ ಸೆಣಸಿದನು. ಅದು ಕೈಗೂಡಿದ್ದು ಮೊಮ್ಮಗ ಇಮ್ಮಡಿ ಬಲ್ಲಾಳನಿಗೆ.

ಅವನ ಅಧಿಕಾರಿ ಕೇತಮಲ್ಲ ಹಳೇಬೀಡಿನಲ್ಲಿ ಕಟ್ಟಿಸತೊಡಗಿದ ಹೊಯ್ಸಳೇಶ್ವರ ದೇಗುಲದ ಅಡಿಪಟ್ಟಿಕೆಗಳಲ್ಲಿ ಇನ್ನೊಂದು ಸೈನ್ಯವಿದೆ: ಪುಟ್ಟ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು. ಅಗೆದಾಗ ಮೆದುವಾಗಿದ್ದು ಬರಬರುತ್ತ ಗಟ್ಟಿಯಾಗುವ ಬಳಪದ ಕಲ್ಲು ಶಿಲ್ಪಿಯ ಶ್ರಮವನ್ನು ಉಳಿಸಿತು. ಅರ್ಥಶಾಸ್ತ್ರ ಓದಿ ಸರ್ಕಾರಿ ಲೆಕ್ಕ ನೋಡಿದ ನನಗೆ ಇದು ಮಿತವ್ಯಯದ ಪಾಠವಾಗಿ ಕಾಣುತ್ತದೆ. ಯುದ್ಧದ ಆನೆಗೆ ನಿತ್ಯ ಮೇವು ಬೇಕು. ಕಲ್ಲಿನ ಆನೆಗೆ ಒಮ್ಮೆ ಕೂಲಿ ಕೊಟ್ಟರಾಯಿತು. 1311ರ ಮಲಿಕ್ ಕಾಫರ್‌ನ ದಾಳಿಯನ್ನು ತಡೆಯಲು ಹೊಯ್ಸಳರ ಪಡೆಗೆ ಆಗಲಿಲ್ಲ. ಕಲ್ಲಿನ ಪಡೆ ಉಳಿದು, 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಇನ್ನು ಅದರ ರಕ್ಷಣೆಯ ವೆಚ್ಚ ನಮ್ಮ ತಲೆಮಾರಿನ ಬಾಬ್ತು.