ಕಂಪನಿಗೆ ಲೆಕ್ಕ ಕೇಳಿದ ಎಡ್ಮಂಡ್ ಬರ್ಕ್

ಚೇಳೂರು ಸೀಮೆ ಹೈದರಾಲಿಯ ಮೈಸೂರಿಗೆ ಸೇರಿದ್ದ ಕಾಲ. ಪಕ್ಕದ ಆರ್ಕಾಟಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರರೇ ನವಾಬನಿಗೆ ದುಬಾರಿ ಬಡ್ಡಿಗೆ ಸಾಲ ಕೊಟ್ಟು, ರೈತರ ಕಂದಾಯವನ್ನೇ ಅಡವು ಹಿಡಿದಿದ್ದರು. ಇದರ ಬೆನ್ನು ಹತ್ತಿದವನು 1729ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಎಡ್ಮಂಡ್ ಬರ್ಕ್. ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಬ್ರಿಟಿಷ್ ಸಂಸತ್ತಿನ ಸಮಿತಿಯಲ್ಲಿ ಕೂತು ಕಂಪನಿಯ ಕಡತಗಳನ್ನೇ ಜಾಲಾಡಿದ. 1785ರಲ್ಲಿ ಆರ್ಕಾಟಿನ ಸಾಲದ ತನಿಖೆ ಆಗಲೇಬೇಕು ಅಂತ ವಾದಿಸಿದ, ಸದನ ಒಪ್ಪಲಿಲ್ಲ. 1788ರಲ್ಲಿ ಲಂಚದ ಆರೋಪವೂ ಸೇರಿ ವಾರನ್ ಹೇಸ್ಟಿಂಗ್ಸ್ ವಿಚಾರಣೆ ಶುರುವಾಯ್ತು. ಏಳು ವರ್ಷ ಎಳೆದು, 1795ರಲ್ಲಿ ಹೇಸ್ಟಿಂಗ್ಸ್ ಖುಲಾಸೆಯಾದ. 1797ರಲ್ಲಿ ಬರ್ಕ್ ತೀರಿಕೊಂಡ.

ಅವನ ಮನೆ ಕಡೆಯೂ ಪ್ರಶ್ನೆಗಳಿದ್ದವು: ನವಾಬನ ಎದುರಾಳಿ ತಂಜಾವೂರು ರಾಜನಿಗೆ ಆಪ್ತ ವಿಲಿಯಂ ಬರ್ಕ್ ಏಜೆಂಟನಾಗಿದ್ದ. ಆದರೂ ದೇಶ ದಾಟಿ ದುಡ್ಡು ಮಾಡೋ ಸಂಸ್ಥೆಗಳಿಗೆ ಲೆಕ್ಕ ಕೇಳೋರು ಅವನಿಂದ ಕಲಿಯೋದಿದೆ. ಮೊದಲು ಕಡತ ಓದಬೇಕು, ಆಮೇಲೆ ಭಾಷಣ.