ಎಲ್ಲಿ ರಾಜಿ, ಎಲ್ಲಿ ಹೋರಾಟ: ವೀರಚಂದ್ ರಾಘವ್‌ಜಿ ಗಾಂಧಿ

ವೀರಚಂದ್ ರಾಘವ್‌ಜಿ ಗಾಂಧಿ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1893ರ ಚಿಕಾಗೋ ಸರ್ವಧರ್ಮ ಸಮ್ಮೇಳನ. ಅಲ್ಲಿ ಜೈನಧರ್ಮದ ಪರವಾಗಿ ಮಾತನಾಡಿದವರು ಅವರೇ. ಅದಕ್ಕೂ ಮೊದಲು ಅವರು ಸಮಾಜಕ್ಕಾಗಿ ನಡೆಸಿದ ಎರಡು ವ್ಯಾಜ್ಯಗಳ ಕಥೆ ನಮ್ಮ ಮಕ್ಕಳಿಗೂ ಗೊತ್ತಿರಬೇಕು.

ಅವರು ಹುಟ್ಟಿದ್ದು 1864ರ ಆಗಸ್ಟ್ 25ರಂದು, ಗುಜರಾತಿನ ಮಹುವಾದಲ್ಲಿ. 1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಪಾಸಾದರು. ಮರುವರ್ಷ, 21ರ ವಯಸ್ಸಿನಲ್ಲೇ, ಜೈನ್ ಅಸೋಸಿಯೇಷನ್ ಆಫ್ ಇಂಡಿಯಾದ ಗೌರವ ಕಾರ್ಯದರ್ಶಿಯಾದರು.

ಆಗ ಪಾಲಿತಾಣದ ಠಾಕೂರರು ಶತ್ರುಂಜಯಕ್ಕೆ ಬರುವ ಯಾತ್ರಿಕರಿಂದ ತಲೆಗಂದಾಯ ವಸೂಲಿ ಮಾಡುತ್ತಿದ್ದರು. ಎದುರಾಳಿ ಸಂಸ್ಥಾನದ ಒಡೆಯ. ಹಟ ಹಿಡಿದರೆ ಯಾತ್ರೆಗೇ ಕುತ್ತು. ವೀರಚಂದರು ಮುಂಬಯಿ ಗವರ್ನರ್ ಲಾರ್ಡ್ ರೇ ಮತ್ತು ಕರ್ನಲ್ ವಾಟ್ಸನ್ ಅವರ ಮುಂದೆ ಅಹವಾಲು ಇಟ್ಟರು. 1886ರಲ್ಲಿ ಒಪ್ಪಂದವಾಯಿತು. ಸಮಾಜ ವರ್ಷಕ್ಕೆ 15,000 ರೂಪಾಯಿ ಕೊಡುವುದು, ತಲೆಗಂದಾಯ ನಿಲ್ಲಿಸುವುದು, ಅವಧಿ 40 ವರ್ಷ. ಆ ಕಾಲಕ್ಕೆ ಅದು ಸಣ್ಣ ಮೊತ್ತವಲ್ಲ. ಆದರೆ ಬಡ ಯಾತ್ರಿಕ ಬೆಟ್ಟದ ಬುಡದಲ್ಲಿ ನಿಂತು ದುಡ್ಡು ಎಣಿಸುವ ಕಷ್ಟ ತಪ್ಪಿತು. ಅವಧಿ ಮುಗಿದ ಮೇಲೆ, 1926ರಲ್ಲಿ, ತಕರಾರು ಮತ್ತೆ ತಲೆಯೆತ್ತಿದ್ದೂ ನಿಜ.

ಎರಡನೆಯದು ಸಮ್ಮೇದ ಶಿಖರ್ಜಿಯದು. 20 ತೀರ್ಥಂಕರರು ಮೋಕ್ಷ ಹೊಂದಿದ ಆ ಬೆಟ್ಟದಲ್ಲಿ ಬೊಡ್ಡಮ್ ಎಂಬ ಆಂಗ್ಲ ಹಂದಿ ಕೊಂದು ಕೊಬ್ಬು ತೆಗೆಯುವ ಕಾರ್ಖಾನೆ ಹಾಕಿದ್ದ. ಕೆಳಗಿನ ಕೋರ್ಟಿನಲ್ಲಿ ಸಮಾಜಕ್ಕೆ ಸೋಲಾಯಿತು. ಇಲ್ಲಿ ರಾಜಿ ಸಾಧ್ಯವೇ ಇರಲಿಲ್ಲ. ವೀರಚಂದರು ಕಲ್ಕತ್ತೆಗೆ ಹೋಗಿ ತಿಂಗಳುಗಟ್ಟಲೆ ಉಳಿದರು. ಹಳೆಯ ಕಾಗದಪತ್ರಗಳನ್ನು ಸ್ವತಃ ಓದಲು ಬಂಗಾಳಿ ಕಲಿತರು. 1891ರ ಹೊತ್ತಿಗೆ ಮೇಲ್ಮನವಿಯಲ್ಲಿ ತೀರ್ಪು ಜೈನರ ಪರವಾಗಿ ಬಂದು ಕಾರ್ಖಾನೆ ಮುಚ್ಚಿತು.

ಅದೇ ವರ್ಷ ಲಂಡನ್ನಿನಿಂದ ಬ್ಯಾರಿಸ್ಟರ್ ಆಗಿ ಮರಳಿದ ಮೋಹನದಾಸ ಗಾಂಧಿಯವರಿಗೆ ಮುಂಬಯಿಯಲ್ಲಿ ಇವರ ಸ್ನೇಹವಾಯಿತು. ದೊಡ್ಡ ವಕೀಲರೂ ಮೊದಲು ವರ್ಷಗಟ್ಟಲೆ ಕಾಯಬೇಕಾಗುತ್ತದೆ ಎಂಬ ಸಂಗತಿಯನ್ನು ಇವರೇ ಅವರಿಗೆ ತಿಳಿಸಿದ್ದು.

ಚಿಕಾಗೋಗೆ ಆಹ್ವಾನ ಬಂದದ್ದು ಆಚಾರ್ಯ ಆತ್ಮಾರಾಮಜಿಯವರಿಗೆ. ಮುನಿಗಳು ಸಮುದ್ರ ದಾಟುವಂತಿಲ್ಲವಾದ್ದರಿಂದ ಅವರು ವೀರಚಂದರನ್ನು ಕಳುಹಿಸಿದರು. ಸಮಾಜಕ್ಕಾಗಿ ಇಷ್ಟು ದುಡಿದವರಿಗೂ ಸಮುದ್ರಯಾನದ ಕಾರಣಕ್ಕೆ ನಮ್ಮವರಿಂದಲೇ ವಿರೋಧ ಬಂತು. 1901ರ ಆಗಸ್ಟ್ 7ರಂದು, 37 ತುಂಬುವ ಮೊದಲೇ, ಅವರು ತೀರಿಕೊಂಡರು.

ದುಡ್ಡಿನ ಜಗಳವಾದರೆ ಕೊಟ್ಟು ತೀರಿಸಬಹುದು, ಹಿಂಸೆಯ ಪ್ರಶ್ನೆ ಬಂದರೆ ಕೊನೆಯ ಕೋರ್ಟಿನವರೆಗೂ ಹೋಗಬೇಕು. ವೀರಚಂದರ ನಡೆಯಿಂದ ನಾವು ಕಲಿಯಬೇಕಾದದ್ದು ಇದನ್ನೇ. ಶಿಖರ್ಜಿ ಯಾತ್ರೆಗೆ ಹೋಗುವವರು ಬೆಟ್ಟ ಹತ್ತುವಾಗ ಅವರನ್ನೂ ಒಮ್ಮೆ ನೆನೆಯಿರಿ.